ವರದಿ ಚೆನ್ನಾಗಿದ್ದರೂ ಗುಳಿಗೆ ಏಕೆ?

ಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರು ಕಡೆಯ ಊರುಗಳಲ್ಲಿ ಎಚ್.ಐ.ವಿ. ಸೋಂಕಿದ್ದೂ ಹೊಲಮನೆ ನೋಡಿಕೊಂಡು ಆರೋಗ್ಯದಿಂದಿರುವ ಸದ್ಭಕ್ತರಿದ್ದಾರೆ. “ರಕ್ತದಲ್ಲಿ ವೈರಾಣು ಕಾಣುತ್ತಿಲ್ಲವೆಂದು ವರದಿ ಬಂದ ಮೇಲೂ ಗುಳಿಗೆ ಏಕೆ?” ಎಂಬ ಪ್ರಶ್ನೆ ಅವರ ಮನದಲ್ಲಿ ಏಳುವುದು ಸಹಜ. ಇದಕ್ಕೆ ಉತ್ತರವು ವೈರಾಣುವಿನ ಆರ್.ಎನ್.ಎ. ಎಳೆಯಲ್ಲಿದೆ.

ನಮ್ಮ ಜೀವಕೋಶದಲ್ಲಿ ಡಿ.ಎನ್.ಎ.ಯೇ ಮೂಲಗ್ರಂಥ, ಆರ್.ಎನ್.ಎ. ಅದರ ನಕಲು; ಆ ನಕಲನ್ನೋದಿ ಪ್ರೋಟೀನು ತಯಾರಾಗುತ್ತದೆ. ರೆಟ್ರೊವೈರಸ್ಸುಗಳ ಕ್ರಮ ತಿರುವುಮುರುವು. ಅವು ತಮ್ಮ ಆರ್.ಎನ್.ಎ.ಯನ್ನು ಡಿ.ಎನ್.ಎ. ಆಗಿ ಬರೆದು ನಮ್ಮ ವರ್ಣತಂತುವಿನೊಳಗೇ ಸೇರಿಸಿಬಿಡುತ್ತವೆ. ಹೀಗೆ ಹಿಮ್ಮುಖವಾಗಿ ಬರೆಯುವ ಕಿಣ್ವವನ್ನು 1970ರಲ್ಲಿ ಹೊವಾರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಕಂಡುಹಿಡಿದರು. ಸೇರಿಕೊಂಡ ಬರಹವು ಆ ಕೋಶವು ಬದುಕಿರುವವರೆಗೂ ಉಳಿಯುತ್ತದೆ.

ಆದರೆ ಬರಹವಿದ್ದ ಮಾತ್ರಕ್ಕೆ ವೈರಾಣು ಹುಟ್ಟದು. ಕೋಶದ ಕಿಣ್ವವು ಅದನ್ನು ನಕಲಿಸಲು ತೊಡಗಿದರೂ ತುಸು ದೂರದಲ್ಲೇ ನಿಂತುಬಿಡುತ್ತದೆ. ಆಗ ಹೊರಬಂದ ಆರ್.ಎನ್.ಎ.ಯ ಮೊದಲ 59 ಅಕ್ಷರಗಳು ತಲೆಪಿನ್ನಿನಂತೆ ಮಡಿಚಿಕೊಳ್ಳುತ್ತವೆ. ಈ ಮಡಿಕೆಯ ಹೆಸರು ‘ಟಾರ್’. ವೈರಾಣುವಿನದೇ ಆದ ‘ಟ್ಯಾಟ್’ ಪ್ರೋಟೀನು ಅದನ್ನು ಹಿಡಿದು, ಕೋಶದ ಸಹಾಯಕ ಕಿಣ್ವವೊಂದನ್ನು ಅಲ್ಲಿಗೆ ತಂದರೆ, ನಕಲು ಸುಮಾರು 9,200 ಅಕ್ಷರಗಳ ಕೊನೆಯವರೆಗೂ ಓಡುತ್ತದೆ. ಇನ್ನಷ್ಟು ಟ್ಯಾಟ್ ಹುಟ್ಟುತ್ತದೆ. ಬಾವಿಯ ಪಂಪ್‌ಸೆಟ್ಟಿಗೆ ಮೊದಲು ನೀರು ತುಂಬದಿದ್ದರೆ ಮೋಟರು ತಿರುಗಿದರೂ ನೀರು ಮೇಲೇರದು; ಒಮ್ಮೆ ಏರಿತೆಂದರೆ ಹರಿಯುತ್ತಲೇ ಇರುತ್ತದೆ. ಇದೂ ಹಾಗೆಯೇ.

ಎರಡನೆಯ ಕೀಲಿಯೂ ಉಂಟು. ಕತ್ತರಿಸಿ ಜೋಡಿಸದ ಆರ್.ಎನ್.ಎ.ಯನ್ನು ಕೋಶಕೇಂದ್ರವು ಸಾಮಾನ್ಯವಾಗಿ ಹೊರಗೆ ಬಿಡದು. ಹೊಸ ವೈರಾಣುವಿಗೆ ಬೇಕಾದುದು ಇಡೀ ಎಳೆಯೇ. ಅದರಲ್ಲಿರುವ ಸುಮಾರು 350 ಅಕ್ಷರಗಳ ‘ಆರ್.ಆರ್.ಇ.’ ಎಂಬ ಭಾಗಕ್ಕೆ ‘ರೆವ್’ ಪ್ರೋಟೀನು ಅಂಟಿಕೊಂಡು ರಹದಾರಿಯಾಗುತ್ತದೆ.

ವಿಶ್ರಾಂತಿಯಲ್ಲಿರುವ ಕೆಲವು ರಕ್ಷಣಾಕೋಶಗಳಲ್ಲಿ ಟ್ಯಾಟ್ ಇಲ್ಲದೆ ಈ ಬರಹ ಮೌನವಾಗಿ ಮಲಗಿರುತ್ತದೆ. ರಕ್ತಪರೀಕ್ಷೆಗೆ ಅದು ಸಿಗದು. ಈಗ ಕೊಡುವ ಒಂದೇ ಗುಳಿಗೆಯಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರವಿರ್ ಎಂಬ ಮೂರು ಔಷಧಗಳಿವೆ. ಮೊದಲೆರಡು ಹಿಮ್ಮುಖ ಬರವಣಿಗೆಯನ್ನು ತಡೆಯುತ್ತವೆ. ಮೂರನೆಯದು ವರ್ಣತಂತುವಿಗೆ ಸೇರುವುದನ್ನು ತಡೆಯುತ್ತದೆ. ಮೊದಲೇ ಸೇರಿ ಮಲಗಿರುವುದನ್ನು ಮೂರೂ ಮುಟ್ಟಲಾರವು. ಗುಳಿಗೆ ನಿಲ್ಲಿಸಿದೊಡನೆ ಎಲ್ಲಿಯೋ ಒಂದು ಕೋಶ ಎಚ್ಚರಗೊಂಡರೆ ಸಾಕು, ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ವೈರಾಣು ರಕ್ತಕ್ಕೆ ಮರಳುತ್ತದೆ.

ಮಲಗಿದ್ದನ್ನು ಎಬ್ಬಿಸುವ ಕೋಶದ ಸಂಕೇತಗಳು ವೈರಾಣುವಿನ ಡಿ.ಎನ್.ಎ.ಯ ತುದಿಯಲ್ಲಿ ಬಂದು ಕೂರುತ್ತವೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೊ. ಉದಯಕುಮಾರ್ ರಂಗ ಅವರ ತಂಡ ಭಾರತದಲ್ಲಿ ಹೆಚ್ಚಾಗಿರುವ ‘ಸಿ’ ಉಪಬಗೆಯನ್ನು ಪರೀಕ್ಷಿಸಿತು. ಅಲ್ಲಿ ಇಂತಹ ಒಂದು ಸಂಕೇತಕ್ಕೆ ಸಾಮಾನ್ಯವಾಗಿ ಮೂರು ಪೀಠಗಳಿದ್ದರೆ, ಕೆಲವು ವೈರಾಣುಗಳಲ್ಲಿ ನಾಲ್ಕಿರುವುದನ್ನೂ ಅವುಗಳ ನಕಲಿನ ವೇಗ ಹೆಚ್ಚಿರುವುದನ್ನೂ 2012ರಲ್ಲಿ ಪ್ರಕಟಿಸಿತು. ನಮ್ಮ ನಾಡಿನಲ್ಲೇ ನಡೆದಿರುವ ಈ ಕೆಲಸ ನಮಗೆ ಗೊತ್ತಿರಬೇಕು.

ಉಪವಾಸದ ದಿನವೂ ಗುಳಿಗೆ ತಪ್ಪಿಸಬಾರದು. ಜಾತ್ರೆಗೋ ದೂರದ ಊರಿನ ದುಡಿಮೆಗೋ ಹೊರಡುವವರು ಅಷ್ಟು ದಿನದ ಗುಳಿಗೆಗಳನ್ನು ಮೊದಲೇ ಪಡೆಯಲಿ. ಸರ್ಕಾರದ ಎ.ಆರ್.ಟಿ. ಕೇಂದ್ರಗಳಲ್ಲಿ 2004ರಿಂದ ಇದು ಉಚಿತ. ಹೀಗೆ ನಡೆದು ವೈರಾಣು ಕಾಣದಷ್ಟು ತಗ್ಗಿದವರಿಂದ ಬಾಳಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡದು. ಸಂದೇಹವಿದ್ದರೆ 1097ಕ್ಕೆ ಕರೆಮಾಡಬಹುದು, ಕರೆಗೆ ಹಣವಿಲ್ಲ.