ಗಂಧದ ಎಣ್ಣೆ ಕಲಿಸುವ ಪಾಠ

ಮೈಸೂರು ಸ್ಯಾಂಡಲ್ ಸೋಪನ್ನು ಅರಿಯದ ಕನ್ನಡಿಗರ ಮನೆ ಮುಂಬಯಿಯಲ್ಲಿ ವಿರಳ. ಆದರೆ ಪ್ರಯೋಗಶಾಲೆಯ ವಿದ್ಯೆಯನ್ನು ಒಂದು ಸರಕಾರ ಪೇಟೆಯವರೆಗೆ ಕೈಹಿಡಿದು ನಡೆಸಿದ್ದರ ಫಲ ಅದೆಂಬುದನ್ನು ಬಲ್ಲವರು ಕಡಿಮೆ.

ಮೊದಲು ಮೈಸೂರಿನ ಶ್ರೀಗಂಧ ಕೊರಡಾಗಿಯೇ ಹಡಗು ಏರುತ್ತಿತ್ತು. ಎಣ್ಣೆ ತೆಗೆಯುವ ಲಾಭವೆಲ್ಲ ಜರ್ಮನಿಯೇ ಮೊದಲಾದ ಪರದೇಶಗಳದು. 1914ರಲ್ಲಿ ಮಹಾಯುದ್ಧ ಹೊತ್ತಿಕೊಂಡೊಡನೆ ಆ ವ್ಯಾಪಾರ ನಿಂತಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ವಿಶ್ವೇಶ್ವರಯ್ಯನವರು ದಿವಾನರು. ಎಣ್ಣೆಯನ್ನು ನಾವೇ ಏಕೆ ತೆಗೆಯಬಾರದು ಎಂಬ ಯೋಚನೆ ಬಲವಾಯಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಇದರ ಕ್ರಮವನ್ನು ಸಿದ್ಧಪಡಿಸಿಕೊಟ್ಟರು. ಮರದ ಚೇಗನ್ನೂ ಬೇರನ್ನೂ ಪುಡಿಮಾಡಿ ಹಬೆ ಹಾಯಿಸಿದರೆ ಎಣ್ಣೆ ಹಬೆಯೊಡನೆ ಏರುತ್ತದೆ. ತಣಿಸಿದಾಗ ನೀರಿನಿಂದ ಬೇರಾಗುತ್ತದೆ. ಆ ಸಂಸ್ಥೆಯಾದರೂ ನಮ್ಮ ಎರಡು ಊರುಗಳ ಬೆಸುಗೆಯೇ: ಸಂಕಲ್ಪವೂ ಧನವೂ ಮುಂಬಯಿಯ ಜಮಶೇಟಜಿ ಟಾಟಾ ಅವರದು, 371 ಎಕರೆ ನೆಲ ಮೈಸೂರಿನದು.

1916ರಲ್ಲಿ ಸರಕಾರವೇ ಎಣ್ಣೆಯ ಕಾರಖಾನೆ ತೆರೆಯಿತು. ಸೋಪಿನ ವಿದ್ಯೆ ಕಲಿತು ಬರಲು ಎಸ್. ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿತು. 1918ರ ಹೊತ್ತಿಗೆ ಸೋಪು ಸಿದ್ಧವಾಯಿತು. ನೆಲ, ಕಚ್ಚಾಮಾಲು, ಕಲಿಯುವವನ ಖರ್ಚು, ಮೊದಲ ನಷ್ಟದ ಭಯ, ಇಷ್ಟನ್ನೂ ಸರಕಾರವೇ ಹೊತ್ತುದರಿಂದ ಕೆಲಸ ಕೈಗೂಡಿತು.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ರೈತನ ಹೊಲದಲ್ಲಿ ಬೆಳೆದ ಗಂಧದ ಮರವೂ ಸರಕಾರದ ಸೊತ್ತೇ ಆಗಿತ್ತು. ತನ್ನದಲ್ಲದ ಮರವನ್ನು ಯಾರು ತಾನೆ ಅಕ್ಕರೆಯಿಂದ ಕಾಯುವರು? ಕಳ್ಳಸಾಗಣೆಯೂ ಸೇರಿ ಮರಗಳು ಕ್ಷೀಣಿಸಿದವು. 2001ರ ತಿದ್ದುಪಡಿಯಿಂದಲೇ ಕರ್ನಾಟಕದ ರೈತನು ತನ್ನ ನೆಲದ ಗಂಧಕ್ಕೆ ಒಡೆಯನಾದುದು. ಕಾರಖಾನೆಯನ್ನು ಸಾಕಿದ ಕೈಯೇ ಅದರ ಬೇರಿಗೆ ನೀರೆರೆಯಲು ಮರೆತಿತ್ತು.

ಇಂದು ದಾರಿ ಬದಲಾಗಿದೆ. ಸರಕಾರವೇ ಕಾರಖಾನೆ ಹೂಡುವುದಕ್ಕಿಂತ ಹೊಸತನ್ನು ಕಂಡುಹಿಡಿದವರಿಗೆ ನೆರವು ನೀಡುವುದು ಹೆಚ್ಚು. ಕರ್ನಾಟಕ 2017ರಲ್ಲಿ ಎಲಿವೇಟ್ ಯೋಜನೆಯಿಂದ ಸ್ಟಾರ್ಟಪ್‌ಗಳಿಗೆ ಸಹಾಯಧನ ಕೊಡತೊಡಗಿತು. ಮಹಾರಾಷ್ಟ್ರವು 2018ರಿಂದ ಸ್ಟಾರ್ಟಪ್ ಸಪ್ತಾಹ ನಡೆಸಿ, ಗೆದ್ದವರಿಗೆ ಸರಕಾರಿ ಇಲಾಖೆಗಳಲ್ಲೇ ಕೆಲಸ ವಹಿಸುವ ಏರ್ಪಾಡು ಮಾಡಿತು. ಹೊಸ ವಸ್ತುವಿಗೆ ಹಣಕ್ಕಿಂತಲೂ ಮೊದಲ ಗಿರಾಕಿ ಸಿಗುವುದೇ ಕಷ್ಟ. ಸರಕಾರಿ ಕಚೇರಿಯಲ್ಲಿರುವ ನನ್ನಂಥವರಿಗೆ ಇದು ಚೆನ್ನಾಗಿ ಗೊತ್ತು.

ದಾದರಿನಿಂದ ಡೊಂಬಿವಲಿಯವರೆಗೆ ನಮ್ಮ ಮಕ್ಕಳಲ್ಲಿ ಕೈಚಳಕಕ್ಕೂ ಬುದ್ಧಿಗೂ ಬರವಿಲ್ಲ. ಅರ್ಜಿ ಬರೆಯುವ ಸಂಕೋಚವೊಂದೇ ಅಡ್ಡಿಯಾಗಿದ್ದರೆ, ಹಿರಿಯರಾದ ನಾವು ಪಕ್ಕದಲ್ಲಿ ಕುಳಿತು ಬರೆಸೋಣ.