ನಿಮಗಿದು ಗೊತ್ತೆ? ಜಿಡ್ಡು ತಪ್ಪಿದರೆ ಗಿಡಕ್ಕೆ ನೀರು ಉಳಿತಾಯ!

ಪ್ರೋಟೀನಿಗೆ ಜಿಡ್ಡಿನ ಬಾಲ ಅಂಟಿಸುವ ಒಂದು ಕಿಣ್ವ ಕೆಟ್ಟರೂ ಗಿಡ ಸಾಯುವುದಿಲ್ಲ. ಬದಲಿಗೆ ನೀರನ್ನು ಹೆಚ್ಚು ಜೋಪಾನ ಮಾಡುತ್ತದೆ!

ವಿಜಯಪುರ ಜಿಲ್ಲೆಯ ಹಲಸಂಗಿ ಸುತ್ತಲಿನ ಎರೆಹೊಲಗಳಲ್ಲಿ ಹಿಂಗಾರಿ ಜೋಳಕ್ಕೆ ನೆಲದಲ್ಲಿ ಉಳಿದ ತೇವವೇ ಆಧಾರ. ತೇವ ಆರುತ್ತಿದ್ದಂತೆ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಏರುತ್ತದೆ. ಎಲೆಯ ಮೇಲಿನ ಪತ್ರರಂಧ್ರಗಳು ಮುಚ್ಚುತ್ತವೆ. ಆವಿಯಾಗಿ ಹೋಗುವ ನೀರು ಉಳಿಯುತ್ತದೆ. 

ಗಿಡ ಈ ಹಾರ್ಮೋನಿಗೆ ಎಷ್ಟು ಬೇಗ ಓಗೊಡುತ್ತದೆ ಎಂಬುದರಲ್ಲಿ ಜಿಡ್ಡಿನ ಕೈವಾಡವಿದೆ. ಫಾರ್ನೆಸಿಲ್ ಎಂಬ 15 ಇಂಗಾಲದ ಜಿಡ್ಡಿನ ಸರಪಳಿಯನ್ನು ಮೊದಲು ಹೇಳಿದ ಕಿಣ್ವ ಕೆಲವು ಪ್ರೋಟೀನುಗಳ ತುದಿಗೆ ಅಂಟಿಸುತ್ತದೆ. ಅದರಿಂದ ಅವು ಜೀವಕೋಶದ ಪೊರೆಗೆ ಕಚ್ಚಿಕೊಳ್ಳುತ್ತವೆ. ಈ ಬಾಲ ತಪ್ಪಿದರೆ ಗಿಡ ಹಾರ್ಮೋನಿಗೆ ಇನ್ನಷ್ಟು ಬೇಗ ಓಗೊಡುತ್ತದೆ.

ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಗಿಡದಲ್ಲಿ ಈ ಕಿಣ್ವ ಕೆಟ್ಟ ತಳಿಯ ಗುಟ್ಟು ಬಯಲಾದದ್ದು 1996ರಲ್ಲಿ. ತಳಿಯ ಹೆಸರು ‘ಇರಾ-1’. ಹಾರ್ಮೋನು ತುಸುವೇ ಇದ್ದರೂ ಅದರ ಬೀಜ ಮೊಳೆಯದು. ರಂಧ್ರಗಳು ಬೇಗ ಮುಚ್ಚುವುದರಿಂದ ಎಲೆ ತಡವಾಗಿ ಬಾಡುತ್ತದೆ. ಮಾಮೂಲಿ ಹೂವಿಗೆ 4 ಎಸಳು. ಇದರ ಹೂವಿಗೆ ಕೆಲವೊಮ್ಮೆ ಅದಕ್ಕಿಂತ ಹೆಚ್ಚು!

ಕೆನೋಲಾ ಎಣ್ಣೆಬೀಜದ ಬೆಳೆಯಲ್ಲಿ ಇದೇ ಕಿಣ್ವವನ್ನು ತಗ್ಗಿಸಿ ಹೊಲದಲ್ಲಿ ಪರೀಕ್ಷಿಸಿದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಹೂಬಿಡುವ ಹೊತ್ತಿಗೆ ನೀರಿನ ಕೊರತೆಯಾದರೂ ಆ ಗಿಡಗಳು ಮಾಮೂಲಿ ಗಿಡಗಳಿಗಿಂತ ಹೆಚ್ಚು ಬೀಜ ಕೊಟ್ಟವು. ನೀರು ಸಾಕಷ್ಟಿದ್ದಾಗ ಇಳುವರಿಯೂ ತಗ್ಗಲಿಲ್ಲ.