ಆಟದ ನಡುವೆ ಆಫ್ ಆಗುವ ಕಂಪ್ಯೂಟರ್

ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ಮನೆಯಲ್ಲೇ ಜೋಡಿಸಿದ ಗೇಮಿಂಗ್ ಕಂಪ್ಯೂಟರು ದಿನನಿತ್ಯದ ಕೆಲಸಗಳನ್ನೆಲ್ಲ ಸರಾಗವಾಗಿ ಮಾಡುತ್ತಿದ್ದು, ಭಾರವಾದ ಆಟವೊಂದನ್ನು ತೆರೆದ ಸ್ವಲ್ಪ ಹೊತ್ತಿನಲ್ಲೇ ಯಾವ ಮುನ್ಸೂಚನೆಯನ್ನೂ ಕೊಡದೆ ಪೂರ್ತಿ ಆಫ್ ಆಗಿಬಿಡುವುದು ಇಂತಹ ಯಂತ್ರಗಳಲ್ಲಿ ಪದೇ ಪದೇ ಕಾಣಿಸುವ ತೊಂದರೆ. ಯಾವುದೋ ಭಾಗ ಹಾಳಾಗಿದೆಯೆಂದು ತಿಳಿದು ಒಂದಾದ ಮೇಲೊಂದು ಭಾಗವನ್ನು ಬದಲಿಸತೊಡಗುವವರು ಬಹಳ ಮಂದಿ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಯಂತ್ರವು ಕೆಡದಿರಲೆಂದೇ ಅದರೊಳಗಿನ ಯಾವುದೋ ರಕ್ಷಣಾ ವ್ಯವಸ್ಥೆ ವಿದ್ಯುತ್ತನ್ನು ಕಡಿದಿರುತ್ತದೆ. ಆ ತೀರ್ಮಾನವನ್ನು ತೆಗೆದುಕೊಂಡ ವ್ಯವಸ್ಥೆ ಯಾವುದೆಂದು ಮೊದಲು ಗೊತ್ತುಮಾಡಿಕೊಂಡರೆ ಮುಂದಿನ ತನಿಖೆಗೂ ಖರ್ಚಿಗೂ ಒಂದು ದಿಕ್ಕು ಸಿಗುತ್ತದೆ.

ಇದಕ್ಕೆ ಬೇಕಾದ ಮೊದಲ ಸುಳಿವು ಯಂತ್ರ ನಿಂತ ರೀತಿಯಲ್ಲೇ ಇರುತ್ತದೆ. ವಿಂಡೋಸ್ ವ್ಯವಸ್ಥೆಯ ಈವೆಂಟ್ ವ್ಯೂವರ್ ಎಂಬ ದಿನಚರಿಯಲ್ಲಿ ಇಂತಹ ಪ್ರತಿಯೊಂದು ಘಟನೆಗೂ ‘ಕರ್ನಲ್-ಪವರ್ 41’ ಎಂಬ ನಮೂದು ಕಾಣುತ್ತದೆ. ಇದನ್ನೇ ರೋಗದ ಹೆಸರೆಂದು ಭಾವಿಸುವುದುಂಟು. ವಾಸ್ತವದಲ್ಲಿ ಅದು ಹೇಳುವುದು ಹಿಂದಿನ ಬಾರಿ ಯಂತ್ರ ಕ್ರಮವಾಗಿ ಮುಚ್ಚಲಿಲ್ಲ ಎಂಬಷ್ಟನ್ನು ಮಾತ್ರ, ಏಕೆಂದರೆ ಆ ನಮೂದು ಬರೆಯಲ್ಪಡುವುದೇ ಮರಳಿ ಚಾಲೂ ಆದ ಮೇಲೆ. ಅದರ ವಿವರಗಳಲ್ಲಿರುವ ಬಗ್‌ಚೆಕ್ ಕೋಡ್ ಎಂಬ ಸಂಖ್ಯೆ ಹೆಚ್ಚು ಉಪಯುಕ್ತವಾದದ್ದು. ಅದು ಸೊನ್ನೆಯಲ್ಲದಿದ್ದರೆ ವಿಂಡೋಸ್ ತಾನೇ ದೋಷವೊಂದನ್ನು ಕಂಡು ನೀಲಿ ಪರದೆ ತೋರಿಸಿ ನಿಂತಿದೆಯೆಂದೂ, ಸೊನ್ನೆಯಾಗಿದ್ದರೆ ಬಹುಮಟ್ಟಿಗೆ ವಿಂಡೋಸಿಗೆ ತಿಳಿಯುವ ಮೊದಲೇ ವಿದ್ಯುತ್ ಹೋಗಿದೆಯೆಂದೂ ಊಹಿಸಬಹುದು. ದೋಷ ಕಂಡೊಡನೆ ತಾನಾಗಿ ರೀಸ್ಟಾರ್ಟ್ ಆಗುವ ಏರ್ಪಾಟು ವಿಂಡೋಸಿನಲ್ಲಿ ಮೊದಲಿನಿಂದಲೇ ಚಾಲ್ತಿಯಲ್ಲಿರುವುದರಿಂದ ನೀಲಿ ಪರದೆ ಕಣ್ಣಿಗೆ ಬೀಳದೆ ಹೋಗಬಹುದಾಗಿದ್ದು, ತನಿಖೆಯ ಅವಧಿಯಲ್ಲಿ ಅದನ್ನು ನಿಲ್ಲಿಸಿಡುವುದು ಒಳ್ಳೆಯದು.

ಆಫ್ ಆದ ಮೇಲಿನ ವರ್ತನೆಯೂ ಅಷ್ಟೇ ಮುಖ್ಯ. ಗುಂಡಿ ಒತ್ತಿದರೂ ಯಂತ್ರ ಮಿಸುಕದೆ, ಹಿಂಬದಿಯ ಸ್ವಿಚ್ಚನ್ನು ಆರಿಸಿ ಕೆಲವು ಸೆಕೆಂಡು ಬಿಟ್ಟು ಹಾಕಿದ ಮೇಲಷ್ಟೇ ಚಾಲೂ ಆಗುವುದಾದರೆ, ವಿದ್ಯುತ್ ಪೂರೈಸುವ ಪೆಟ್ಟಿಗೆಯೇ ತನ್ನನ್ನು ತಾನು ಬಂದ್ ಮಾಡಿಕೊಂಡಿದೆಯೆಂದು ಹೆಚ್ಚುಕಡಿಮೆ ನಿಶ್ಚಯವಾಗಿ ಹೇಳಬಹುದು. ಮೀಟರ್ ಬೋರ್ಡಿನ ಎಂಸಿಬಿಯು ಒಮ್ಮೆ ಬಿದ್ದರೆ ಕೈಯಿಂದ ಎತ್ತುವವರೆಗೂ ಬಿದ್ದೇ ಇರುವಂತೆ, ಈ ಪೆಟ್ಟಿಗೆಯ ಬಹುತೇಕ ರಕ್ಷಣೆಗಳೂ ಒಮ್ಮೆ ಜಾರಿಯಾದ ಮೇಲೆ ಹಾಗೆಯೇ ಉಳಿಯುತ್ತವೆ. ತಕ್ಷಣ ಚಾಲೂ ಆಗಿ ಒಂದೆರಡು ನಿಮಿಷದಲ್ಲಿ ಮತ್ತೆ ನಿಲ್ಲುವ ಯಂತ್ರದಲ್ಲಿ ಮೊದಲು ಸಂಶಯಿಸಬೇಕಾದದ್ದು ಉಷ್ಣವನ್ನು. ಆಫ್ ಆಗದೆ ನೇರವಾಗಿ ರೀಸ್ಟಾರ್ಟ್ ಆಗುವ ಯಂತ್ರದಲ್ಲಿ ಮೆಮೊರಿ, ಪ್ರೊಸೆಸರಿನ ಅತಿವೇಗದ ಹೊಂದಾಣಿಕೆ ಅಥವಾ ಕ್ಷಣಿಕವಾದ ವೋಲ್ಟೇಜ್ ಕುಸಿತ ಕಾರಣವಾಗಿರುವ ಸಾಧ್ಯತೆ ಹೆಚ್ಚು.

ಭಾರತದ ಅಂಗಡಿಗಳಲ್ಲಿ ಎಸ್‌ಎಂಪಿಎಸ್ ಎಂದೇ ಕರೆಯಲಾಗುವ ಈ ಪೆಟ್ಟಿಗೆಯ ಆಕಾರ, ತಂತಿ ಮತ್ತು ವೋಲ್ಟೇಜುಗಳನ್ನು ನಿಗದಿಮಾಡಿರುವುದು 1995ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ ಎಂಬ ಮಾನಕ ಮತ್ತು ಅದರ ಮುಂದಿನ ಪರಿಷ್ಕರಣೆಗಳು. ಗೋಡೆಯಿಂದ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಅದು ಮೊದಲು ನೇರ ವಿದ್ಯುತ್ತಾಗಿ ಮಾಡಿ, ಸುಮಾರು 400 ವೋಲ್ಟಿಗೆ ಏರಿಸಿ ದೊಡ್ಡ ಕೆಪಾಸಿಟರ್ ಒಂದರಲ್ಲಿ ಶೇಖರಿಸುತ್ತದೆ; ಬಳಿಕ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಕೂಡಿಸಿ, ಚಿಕ್ಕ ಟ್ರಾನ್ಸ್‌ಫಾರ್ಮರಿನ ಮೂಲಕ 12 ವೋಲ್ಟಿಗೆ ಇಳಿಸುತ್ತದೆ. ಇಂದಿನ ಪ್ರೊಸೆಸರು ಮತ್ತು ಗ್ರಾಫಿಕ್ಸ್ ಕಾರ್ಡುಗಳೆರಡೂ ತಮ್ಮ ಶಕ್ತಿಯನ್ನು ಬಹುತೇಕ ಈ 12 ವೋಲ್ಟಿನ ಸಾಲಿನಿಂದಲೇ ಪಡೆದು, ತಮ್ಮ ಪಕ್ಕದಲ್ಲೇ ಇರುವ ಇನ್ನೊಂದು ಮಂಡಲದ ಸಹಾಯದಿಂದ ಒಂದು ವೋಲ್ಟಿನ ಆಸುಪಾಸಿಗೆ ಇಳಿಸಿಕೊಳ್ಳುತ್ತವೆ. ಮಾನಕದ ಪ್ರಕಾರ ಈ ಸಾಲು ಸಾಮಾನ್ಯವಾಗಿ ಶೇ. 5ರ ಮಿತಿಯೊಳಗೆ, ಅಂದರೆ 11.4ರಿಂದ 12.6 ವೋಲ್ಟಿನ ನಡುವೆ ಇರಬೇಕು. ಎಲ್ಲ ವೋಲ್ಟೇಜುಗಳೂ ಸರಿಯಾಗಿವೆಯೆಂದು ಮದರ್‌ಬೋರ್ಡಿಗೆ ತಿಳಿಸಲು ‘ಪವರ್ ಗುಡ್’ ಎಂಬ ಪ್ರತ್ಯೇಕ ತಂತಿಯೊಂದಿದ್ದು, ಆ ಸಂಕೇತ ತಪ್ಪಿದೊಡನೆ ಮದರ್‌ಬೋರ್ಡು ಪ್ರೊಸೆಸರನ್ನು ನಿಲ್ಲಿಸಿಬಿಡುತ್ತದೆ. ಇದರ ಜೊತೆಗೆ ವಿದ್ಯುತ್ ಪ್ರವಾಹ, ವೋಲ್ಟೇಜು, ಒಟ್ಟು ಶಕ್ತಿ ಮತ್ತು ಉಷ್ಣತೆಗಳ ಮೇಲೆ ಕಣ್ಣಿಡುವ ಮಂಡಲಗಳು ಪೆಟ್ಟಿಗೆಯೊಳಗೇ ಇರುತ್ತವೆ.

ಒಟ್ಟು ಬೇಡಿಕೆಗಿಂತ ಹೆಚ್ಚಿನ ವ್ಯಾಟಿನ ಎಸ್‌ಎಂಪಿಎಸ್ ಹಾಕಿದ ಮೇಲೂ ಯಂತ್ರ ಏಕೆ ಆಫ್ ಆಗುತ್ತದೆ ಎಂಬ ಗೊಂದಲಕ್ಕೆ ಉತ್ತರವಿರುವುದು ಸರಾಸರಿಗೂ ಶಿಖರಕ್ಕೂ ಇರುವ ಅಂತರದಲ್ಲಿ. ಎನ್‌ವಿಡಿಯಾ ಸಂಸ್ಥೆ 2020ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿದ ಆರ್‌ಟಿಎಕ್ಸ್ 3080 ಕಾರ್ಡಿನ ಘೋಷಿತ ಬಳಕೆ 320 ವ್ಯಾಟ್. ಇದು ಕಾರ್ಡಿನ ನಿಯಂತ್ರಣ ವ್ಯವಸ್ಥೆ ಒಂದಿಷ್ಟು ಅವಧಿಯ ಸರಾಸರಿಯಾಗಿ ಕಾಯ್ದುಕೊಳ್ಳುವ ಅಂಕಿ. ಆಟದ ದೃಶ್ಯ ಬದಲಾದಾಗ ಬಿಡುವಾಗಿದ್ದ ಸಾವಿರಾರು ಗಣನಾ ಘಟಕಗಳು ಒಮ್ಮೆಲೇ ಕೆಲಸಕ್ಕೆ ತೊಡಗುವುದರಿಂದ, ನಿಯಂತ್ರಣ ವ್ಯವಸ್ಥೆ ಗಮನಿಸಿ ವೇಗ ತಗ್ಗಿಸುವುದರೊಳಗಿನ ಕೆಲವೇ ಮಿಲಿಸೆಕೆಂಡುಗಳ ಮಟ್ಟಿಗೆ ಕಾರ್ಡು ಇದಕ್ಕಿಂತ ಬಹಳ ಹೆಚ್ಚಿನ ವಿದ್ಯುತ್ತನ್ನು ಸೆಳೆಯುತ್ತದೆ. ಅದು ಒಂದೂವರೆ ಪಟ್ಟು ಸೆಳೆಯಿತೆಂದು ಇಟ್ಟುಕೊಂಡರೆ ಕಾರ್ಡಿಗೇ 480 ವ್ಯಾಟ್ ಆಗಿ, ಪ್ರೊಸೆಸರಿನ 150 ಮತ್ತು ಉಳಿದ ಭಾಗಗಳ 50 ಸೇರಿ 680 ವ್ಯಾಟ್ ತಲುಪುತ್ತದೆ. ಸರಾಸರಿ 520 ವ್ಯಾಟಿನ ಈ ಯಂತ್ರಕ್ಕೆ 650 ವ್ಯಾಟಿನ ಎಸ್‌ಎಂಪಿಎಸ್ ಧಾರಾಳವೆಂದು ತೋರಿದರೂ, ಅದರ ರಕ್ಷಣಾ ಮಂಡಲ ಚುರುಕಾಗಿದ್ದರೆ ಆ ಕ್ಷಣವನ್ನೇ ಅಪಾಯವೆಂದು ಪರಿಗಣಿಸಿ ಎಲ್ಲವನ್ನೂ ಕಡಿದುಹಾಕುತ್ತದೆ. 2022ರ ಎಟಿಎಕ್ಸ್ 3.0 ಪರಿಷ್ಕರಣೆಯು ಈ ಸಮಸ್ಯೆಯನ್ನು ಮಾನಕದೊಳಕ್ಕೇ ತಂದು, ಹೊಸ 16 ಪಿನ್ನಿನ ಕನೆಕ್ಟರುಳ್ಳ ದೊಡ್ಡ ಎಸ್‌ಎಂಪಿಎಸ್‌ಗಳು ತಮ್ಮ ಘೋಷಿತ ಶಕ್ತಿಯ ಎರಡು ಪಟ್ಟು ಬೇಡಿಕೆಯನ್ನು 100 ಮೈಕ್ರೋಸೆಕೆಂಡುಗಳ ಕಾಲ ತಾಳಿಕೊಳ್ಳಬೇಕೆಂದು ವಿಧಿಸಿತು.

ರಕ್ಷಣೆಯನ್ನು ಸಡಿಲಗೊಳಿಸುವುದೇ ಇದಕ್ಕೆ ಸುಲಭ ಪರಿಹಾರವಲ್ಲವೇ ಎಂಬ ಪ್ರಶ್ನೆಗೆ 2021ರ ಒಂದು ಪ್ರಕರಣ ಸ್ಪಷ್ಟ ಉತ್ತರ ನೀಡುತ್ತದೆ. ಗಿಗಾಬೈಟ್ ಸಂಸ್ಥೆಯ 750 ಮತ್ತು 850 ವ್ಯಾಟಿನ ಎರಡು ಮಾದರಿಗಳು ಪರೀಕ್ಷೆಯಲ್ಲಿ ಅತಿಭಾರಕ್ಕೆ ಒಳಗಾಗಿ ಸಿಡಿದ ವರದಿಗಳು ಬಂದ ಮೇಲೆ, ಒಟ್ಟು ಶಕ್ತಿಯ ರಕ್ಷಣೆ ಜಾರಿಯಾಗುವ ಮಟ್ಟವನ್ನು ಘೋಷಿತ ಶಕ್ತಿಯ ಶೇ. 120ರಿಂದ 150ರ ವ್ಯಾಪ್ತಿಯಿಂದ ಶೇ. 110ರಿಂದ 120ಕ್ಕೆ ಇಳಿಸಿರುವುದಾಗಿ ಸಂಸ್ಥೆಯೇ ಆ ವರ್ಷದ ಆಗಸ್ಟಿನಲ್ಲಿ ಪ್ರಕಟಿಸಿತು. ಬೇಗ ಜಾರಿಯಾಗುವ ರಕ್ಷಣೆ ಆಟವನ್ನು ಕೆಡಿಸುತ್ತದೆ, ತಡವಾಗಿ ಜಾರಿಯಾಗುವುದು ಯಂತ್ರವನ್ನೇ ಕೆಡಿಸುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಎಂದರೆ ಈ ಎರಡರ ನಡುವಿನ ಮಟ್ಟವನ್ನು ಸರಿಯಾಗಿ ಆರಿಸಿಕೊಂಡದ್ದು. ಕೊಳ್ಳುವವರು ನೆಚ್ಚಿಕೊಳ್ಳುವ ‘80 ಪ್ಲಸ್ ಗೋಲ್ಡ್’ ಮುಂತಾದ ಮುದ್ರೆಗಳು ಈ ಬಗ್ಗೆ ಏನನ್ನೂ ಹೇಳುವುದಿಲ್ಲ. ಗೋಡೆಯಿಂದ ಪಡೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಶಾಖವಾಗಿ ಪೋಲಾಗದೆ ಯಂತ್ರಕ್ಕೆ ತಲುಪುತ್ತದೆಂಬುದನ್ನಷ್ಟೇ ಅವು ಅಳೆಯುತ್ತವೆ, ಅದೂ ಸ್ಥಿರವಾದ ಭಾರದಲ್ಲಿ. ಮುದ್ರೆಗಿಂತ ಪೆಟ್ಟಿಗೆಯ ಬದಿಯ ಚೀಟಿಯಲ್ಲಿರುವ 12 ವೋಲ್ಟಿನ ಸಾಲಿನ ಆಂಪಿಯರ್ ಅಂಕಿಯನ್ನು ಓದುವುದು ಹೆಚ್ಚು ಪ್ರಯೋಜನಕಾರಿ: ಅಲ್ಲಿ 54 ಆಂಪಿಯರ್ ಎಂದಿದ್ದರೆ 648 ವ್ಯಾಟ್ ನಿಜವಾಗಿ ದೊರೆಯುತ್ತದೆ, ಆದರೆ ಕ್ಯಾಬಿನೆಟ್ಟಿನ ಜೊತೆಗೆ ಅಗ್ಗವಾಗಿ ಬರುವ ಪೆಟ್ಟಿಗೆಗಳಲ್ಲಿ ಈ ಅಂಕಿ ಮುಂಭಾಗದ ದೊಡ್ಡ ಸಂಖ್ಯೆಗಿಂತ ಬಹಳ ಕೆಳಗಿರುವುದುಂಟು.

ಉಷ್ಣದ ಮೇಲೆ ಸಂಶಯ ಹೋಗುವುದು ಸಹಜ, ಆದರೆ ಈಗಿನ ಪ್ರೊಸೆಸರುಗಳ ವಿಷಯದಲ್ಲಿ ಅದು ಮೊದಲ ಆರೋಪಿಯಾಗುವುದು ಕಡಿಮೆ. ಟಾಮ್ಸ್ ಹಾರ್ಡ್‌ವೇರ್ ಎಂಬ ಜಾಲತಾಣ 2001ರಲ್ಲಿ ನಡೆಸಿದ ಪ್ರಸಿದ್ಧ ಪರೀಕ್ಷೆಯೊಂದರಲ್ಲಿ, ಚಾಲನೆಯಲ್ಲಿದ್ದಾಗಲೇ ಹೀಟ್ ಸಿಂಕ್ ಎಂಬ ಲೋಹದ ಶಾಖಹಾರಕವನ್ನು ಕಿತ್ತುತೆಗೆದಾಗ ಎಎಂಡಿಯ ಆಥ್ಲಾನ್ ಸುಟ್ಟುಹೋಯಿತು, ಇಂಟೆಲ್‌ನ ಪೆಂಟಿಯಮ್ 4 ವೇಗ ತಗ್ಗಿಸಿಕೊಂಡು ಉಳಿಯಿತು. ಎರಡನೆಯದರ ಕ್ರಮವೇ ಈಗ ಎಲ್ಲೆಡೆ ರೂಢಿಯಾಗಿದ್ದು, ಅನೇಕ ಇಂಟೆಲ್ ಪ್ರೊಸೆಸರುಗಳು 100 ಡಿಗ್ರಿ ಸೆಲ್ಸಿಯಸ್ಸಿಗೆ, ಎಎಂಡಿಯ ರೈಜೆನ್ 7000 ಸರಣಿಯ ಹೆಚ್ಚಿನ ಮಾದರಿಗಳು 95 ಡಿಗ್ರಿಗೆ ತಲುಪಿದಾಗ ವೇಗವನ್ನು ಕುಗ್ಗಿಸುತ್ತವೆ. ಅದೂ ಸಾಲದೆ ಉಷ್ಣತೆ ಇನ್ನೂ ಏರಿದಾಗ ಮಾತ್ರ ಯಂತ್ರವನ್ನು ಆಫ್ ಮಾಡುತ್ತವೆ. ಹಾಗಾಗಿ ಶಾಖದಿಂದ ಆಫ್ ಆಗುವ ಯಂತ್ರದಲ್ಲಿ ಅದಕ್ಕೆ ಮೊದಲು ಆಟ ತಡವರಿಸುವುದು ಕಾಣಬೇಕು, ಕಂಡರೆ ಶಾಖಹಾರಕದ ತಳದ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೆ ಕೂರಿಸಿರುವುದು, ಸ್ಕ್ರೂಗಳು ಬಿಗಿಯಾಗದಿರುವುದು ಅಥವಾ ದ್ರವದ ತಂಪುಕಾರಕದ ಪಂಪು ನಿಂತಿರುವುದು ಪತ್ತೆಯಾಗಬಹುದು. ಶಾಖಹಾರಕವು ಕೋಣೆಯ ಗಾಳಿಗಿಂತ ತಣ್ಣಗಾಗಲಾರದಾದ್ದರಿಂದ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ, ಚಳಿಗಾಲದಲ್ಲಿ ಚೆನ್ನಾಗಿ ನಡೆದ ಯಂತ್ರವೇ ಏಪ್ರಿಲ್‌ನಲ್ಲಿ ಮಿತಿಗೆ ಹತ್ತಿರವಾಗುತ್ತದೆ. ಎಸ್‌ಎಂಪಿಎಸ್ ಕೂಡ ಅದೇ ಗಾಳಿಯನ್ನು ಉಸಿರಾಡುತ್ತದೆ, ಅದರ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕಿಳಿಯುತ್ತದೆ.

ದೋಷ ಕೆಲವೊಮ್ಮೆ ಕ್ಯಾಬಿನೆಟ್ಟಿನ ಹೊರಗೇ ಇರುತ್ತದೆ. ಮನೆಗಳಲ್ಲಿ ಸಾಮಾನ್ಯವಾದ 600 ವಿಎ ಯುಪಿಎಸ್ ಕೊಡಬಲ್ಲದ್ದು ಹೆಚ್ಚಿನ ಮಾದರಿಗಳಲ್ಲಿ 360 ವ್ಯಾಟ್ ಮಾತ್ರವಾಗಿದ್ದು, ಆಟದ ಹೊತ್ತಿನಲ್ಲಿ ಕರೆಂಟ್ ಹೋದರೆ ಅದು 500 ವ್ಯಾಟಿನ ಭಾರವನ್ನು ಹೊರಲಾರದೆ ಕೈಬಿಡುತ್ತದೆ. ಮನೆಯ ಇನ್ವರ್ಟರು ಬ್ಯಾಟರಿಗೆ ಬದಲಾಗುವ ಕ್ಷಣಕಾಲದ ಕಡಿತವನ್ನು ಎಸ್‌ಎಂಪಿಎಸ್ ತನ್ನ ದೊಡ್ಡ ಕೆಪಾಸಿಟರಿನ ಬಲದಿಂದ ತುಂಬಿಕೊಳ್ಳಬೇಕು. ಒಳ್ಳೆಯ ಪೆಟ್ಟಿಗೆಗಳು ಭಾರಿ ಬೇಡಿಕೆಯಲ್ಲೂ ಸುಮಾರು 17 ಮಿಲಿಸೆಕೆಂಡು ತಡೆದುಕೊಳ್ಳುತ್ತವೆ, 50 ಹರ್ಟ್ಸ್ ವಿದ್ಯುತ್ತಿನ ಒಂದು ಪೂರ್ಣ ಆವರ್ತಕ್ಕೆ ಬೇಕಾಗುವುದು 20 ಮಿಲಿಸೆಕೆಂಡು. ಬೇಡಿಕೆ ಕಡಿಮೆಯಿದ್ದಾಗ ಈ ತಾಳಿಕೆ ಹೆಚ್ಚುವುದರಿಂದ, ಪತ್ರ ಬರೆಯುವಾಗ ಗಮನಕ್ಕೇ ಬಾರದೆ ಹೋದ ಕಡಿತವು ಆಟದ ನಡುವೆ ಯಂತ್ರವನ್ನು ಆಫ್ ಮಾಡಬಲ್ಲದು. ಹಲ್ಲು ಸಡಿಲವಾದ ಎಕ್ಸ್‌ಟೆನ್ಶನ್ ಬೋರ್ಡನ್ನು ಬಿಟ್ಟು ಗೋಡೆಯ ಸಾಕೆಟ್ಟಿಗೇ ನೇರವಾಗಿ ಜೋಡಿಸಿ ನೋಡುವ ಖರ್ಚಿಲ್ಲದ ಪರೀಕ್ಷೆ ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು.

ಪರೀಕ್ಷಾ ತಂತ್ರಾಂಶಗಳ ಫಲಿತಾಂಶವನ್ನು ಅರ್ಥೈಸುವಲ್ಲಿ ವಿಶೇಷ ಎಚ್ಚರ ಬೇಕು. ಪ್ರೈಮ್95 ಪ್ರೊಸೆಸರಿನ ಮೇಲೆ, ಫರ್‌ಮಾರ್ಕ್ ಗ್ರಾಫಿಕ್ಸ್ ಕಾರ್ಡಿನ ಮೇಲೆ ಗರಿಷ್ಠ ಭಾರ ಹೊರಿಸುತ್ತವೆ. ಒಂದೊಂದನ್ನೇ ಓಡಿಸಿ, ಬಳಿಕ ಎರಡನ್ನೂ ಒಟ್ಟಿಗೆ ಓಡಿಸಿದಾಗ ಮಾತ್ರ ಯಂತ್ರ ಆಫ್ ಆದರೆ ಒಟ್ಟು ಶಕ್ತಿಯ ಕೊರತೆಯನ್ನು ಶಂಕಿಸಬಹುದು. ಆದರೆ ಇವೆರಡೂ ಹೊರಿಸುವುದು ಏರಿಳಿತವಿಲ್ಲದ ಭಾರವನ್ನು. ಗಂಟೆಗಟ್ಟಲೆ ಇವುಗಳನ್ನು ತಾಳಿಕೊಂಡ ಯಂತ್ರವು ಆಟದಲ್ಲಿ ಹತ್ತು ನಿಮಿಷಕ್ಕೇ ಆಫ್ ಆಗುವುದು ವಿರೋಧಾಭಾಸವೆಂದು ತೋರಿದರೂ, ಆಟದ ಭಾರ ಕ್ಷಣಕ್ಷಣಕ್ಕೆ ಜಿಗಿಯುತ್ತಿರುತ್ತದೆಂಬುದನ್ನು ನೆನೆದರೆ ಅದೇ ಎಸ್‌ಎಂಪಿಎಸ್ ವಿರುದ್ಧದ ಬಲವಾದ ಸಾಕ್ಷ್ಯವಾಗುತ್ತದೆ. ಅಳತೆಯ ಸಾಧನಗಳಿಗೂ ಇಂತಹದೇ ಮಿತಿಯಿದೆ. ಎಚ್‌ಡಬ್ಲ್ಯುಇನ್ಫೋದಂತಹ ತಂತ್ರಾಂಶ ಒಂದೆರಡು ಸೆಕೆಂಡಿಗೊಮ್ಮೆ ಅಂಕಿಗಳನ್ನು ಓದುತ್ತದೆ, ಮಲ್ಟಿಮೀಟರು ಸರಾಸರಿಯನ್ನು ತೋರಿಸುತ್ತದೆ. ಮಿಲಿಸೆಕೆಂಡಿನ ಕುಸಿತ ಇವೆರಡರ ಕಣ್ಣಿಗೂ ಬೀಳದು, ಅದನ್ನು ಕಾಣಲು ಆಸಿಲೋಸ್ಕೋಪ್ ಬೇಕು.

ಆಸಿಲೋಸ್ಕೋಪ್ ಇಲ್ಲದ ಮನೆಯಲ್ಲಿ ಅದಕ್ಕಿಂತ ಸರಳವಾದ, ಆದರೆ ತರ್ಕಬದ್ಧವಾದ ಉಪಾಯವೊಂದಿದೆ. ಗ್ರಾಫಿಕ್ಸ್ ಕಾರ್ಡಿನ ಶಕ್ತಿಮಿತಿಯನ್ನು ತಂತ್ರಾಂಶದ ಮೂಲಕ ಶೇ. 70ಕ್ಕೆ ಇಳಿಸಿ, ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಯನ್ನು 60ಕ್ಕೆ ಕಟ್ಟಿಹಾಕಿ ಅದೇ ಆಟವನ್ನು ಆಡಿದಾಗ ತೊಂದರೆ ಪೂರ್ತಿ ನಿಂತರೆ, ಕಾರಣ ವಿದ್ಯುತ್ತಿನ ಶಿಖರ ಅಥವಾ ಕಾರ್ಡಿನ ಶಾಖ ಎಂಬಲ್ಲಿಗೆ ತನಿಖೆ ಕಿರಿದಾಗುತ್ತದೆ. ಶಾಖದ ಅಂಕಿಗಳು ಮೊದಲೇ ಸರಿಯಾಗಿದ್ದರೆ ಉಳಿಯುವುದು ಒಂದೇ. ಚಿತ್ರಗಳ ಸಂಖ್ಯೆಗೆ ಮಿತಿ ಹಾಕುವುದು ಕ್ಷುಲ್ಲಕ ವಿಷಯವಲ್ಲ: 2021ರ ಜುಲೈನಲ್ಲಿ ‘ನ್ಯೂ ವರ್ಲ್ಡ್’ ಆಟದ ಪರೀಕ್ಷಾ ಆವೃತ್ತಿಯನ್ನು ಆಡುವಾಗ ಕೆಲವು ಆರ್‌ಟಿಎಕ್ಸ್ 3090 ಕಾರ್ಡುಗಳು ಹಾಳಾದವು, ಆ ಆಟದ ಮೆನುವಿನಲ್ಲಿ ಚಿತ್ರಗಳ ಸಂಖ್ಯೆಗೆ ಮಿತಿಯೇ ಇರಲಿಲ್ಲ. ಕಾರ್ಡು ತಯಾರಿಸಿದ ಇವಿಜಿಎ ಸಂಸ್ಥೆ ಬಳಿಕ ಆ ಕಾರ್ಡುಗಳಲ್ಲಿ ಬೆಸುಗೆಯ ದೋಷವಿತ್ತೆಂದು ತಿಳಿಸಿತು. ಅಡಗಿದ್ದ ದೋಷ ಹೊರಬಿದ್ದದ್ದು ಮಿತಿಯಿಲ್ಲದ ಭಾರದಲ್ಲಿ.

ಉಳಿದ ಕಾರಣಗಳನ್ನು ಬೇಗ ಪರಿಶೀಲಿಸಿ ಮುಗಿಸಬಹುದು. ಚಾಲೂ ಆದ ನಾಲ್ಕೈದು ಸೆಕೆಂಡಿನಲ್ಲೇ ಪ್ರತಿ ಸಲವೂ ಆಫ್ ಆಗುವ ಯಂತ್ರದಲ್ಲಿ ಮುಂಭಾಗದ ಗುಂಡಿ ಒಳಗೇ ಸಿಕ್ಕಿಕೊಂಡಿರಬಹುದು, ಏಕೆಂದರೆ ಗುಂಡಿಯನ್ನು ಸುಮಾರು ನಾಲ್ಕು ಸೆಕೆಂಡು ಒತ್ತಿಹಿಡಿದರೆ ಬಲವಂತವಾಗಿ ಆಫ್ ಆಗುವಂತೆಯೇ ಮದರ್‌ಬೋರ್ಡು ರೂಪುಗೊಂಡಿದೆ. ಮದರ್‌ಬೋರ್ಡಿನ ಕೆಳಗೆ ತಪ್ಪು ಜಾಗದಲ್ಲಿ ಉಳಿದ ಹಿತ್ತಾಳೆಯ ಆಸರೆ ಸ್ಕ್ರೂ ಶಾರ್ಟ್ ಸರ್ಕ್ಯೂಟಿಗೆ ಕಾರಣವಾಗುತ್ತದೆ. ಮೆಮೊರಿಯ ಮೇಲೆ ಸಂಶಯವಿದ್ದರೆ ಎಕ್ಸ್‌ಎಂಪಿ ಎಂಬ ಅತಿವೇಗದ ಹೊಂದಾಣಿಕೆಯನ್ನು ತೆಗೆದು, ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ಓಡಿಸಬೇಕು. ಎರಡು ತಲೆಯುಳ್ಳ ಒಂದೇ ಕೇಬಲಿನಿಂದ ಕಾರ್ಡಿನ ಎರಡೂ 8 ಪಿನ್ ಕನೆಕ್ಟರುಗಳನ್ನು ತುಂಬಿದ್ದರೆ, ತಲಾ 150 ವ್ಯಾಟ್ ಹೊರಬೇಕಾದ ಅವುಗಳಿಗೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ಕೇಬಲುಗಳನ್ನು ಎಳೆಯುವುದರಿಂದಲೇ ಎಷ್ಟೋ ಸಲ ತೊಂದರೆ ನೀಗುತ್ತದೆ.

ಕೊನೆಗೆ ಎಸ್‌ಎಂಪಿಎಸ್ ಬದಲಿಸಲೇಬೇಕೆಂದಾದರೆ, ಹಳೆಯದನ್ನು ಬಿಚ್ಚಿ ದುರಸ್ತಿಗೆ ಕೈಹಾಕುವುದು ಸಲ್ಲದು. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ನೂರಾರು ವೋಲ್ಟಿನ ಮಾರಕ ಶೇಖರಣೆ ಉಳಿದಿರಬಹುದು. ಬಿಡಿಸಿ ಜೋಡಿಸಬಹುದಾದ ಕೇಬಲುಗಳಿರುವ ಮಾದರಿಗಳಲ್ಲಿ ಹಳೆಯ ಕೇಬಲುಗಳನ್ನು ಹಾಗೆಯೇ ಬಿಟ್ಟು ಪೆಟ್ಟಿಗೆಯನ್ನಷ್ಟೇ ಬದಲಿಸುವ ಆಸೆಯೂ ಅಪಾಯಕಾರಿ. ಕಾರ್ಡು ಮತ್ತು ಮದರ್‌ಬೋರ್ಡಿನ ಕಡೆಯ ತುದಿಗಳು ಮಾನಕಕ್ಕೆ ಬದ್ಧವಾಗಿದ್ದರೂ ಪೆಟ್ಟಿಗೆಯ ಕಡೆಯ ತುದಿಯಲ್ಲಿ ಪಿನ್ನುಗಳ ಕ್ರಮ ಸಂಸ್ಥೆಯಿಂದ ಸಂಸ್ಥೆಗೆ, ಕೆಲವೊಮ್ಮೆ ಒಂದೇ ಸಂಸ್ಥೆಯ ಮಾದರಿಯಿಂದ ಮಾದರಿಗೆ ಬೇರೆಯಾಗಿರುತ್ತದೆ. ಆಕಾರ ಹೊಂದಿತೆಂದು ಸೇರಿಸಿದ ಹಳೆಯ ಕೇಬಲು 5 ವೋಲ್ಟ್ ಬೇಕಾದ ಡಿಸ್ಕಿಗೆ 12 ವೋಲ್ಟನ್ನು ಹರಿಸಿ ಮೊದಲ ಚಾಲನೆಯಲ್ಲೇ ಅದನ್ನು ಸುಡಬಲ್ಲದಾದ್ದರಿಂದ, ಹೊಸ ಪೆಟ್ಟಿಗೆಗೆ ಅದರ ಜೊತೆ ಬಂದ ಕೇಬಲುಗಳನ್ನೇ ಬಳಸಬೇಕು.